ಅಂಬಿಗನಿಗೆ ಮಗ ಬಂದ ಕತೆ

"ಮಾವ, ನಫೀಸಾ ಬರೀತಾ ಇಲ್ಲ. ಅವಳ ದಳವಾಯಿಯ ಉತ್ತರವನ್ನೂ ನಾನೇ ಬರೆದುಬಿಡಲಾ?"

ಹೀಗೆ ಕೇಳಿದವಳು ನನ್ನ ಅಕ್ಕನ ಮಗಳು ಪ್ರೇಕ್ಷಾ. ಕತೆ ಕಟ್ಟುವ ವಿದ್ಯೆಯಲ್ಲಿ ನನ್ನ ಶಿಷ್ಯೆ. ಈ ವಿದ್ಯೆಯಲ್ಲಿ ನನಗೆ ನೂರಾರು ಶಿಷ್ಯರಿದ್ದಾರೆ. ಸದ್ಯಕ್ಕೆ ಬರುತ್ತಿರುವವಳು ಇವಳೊಬ್ಬಳೇ.

ಇವಳೂ ಇವಳ ಐವರು ಗೆಳತಿಯರೂ ಮೂರು ವರ್ಷದಿಂದ ಮೊಬೈಲಿನ ಗುಂಪಿನಲ್ಲಿ ಒಂದೇ ಕತೆ ಬರೆಯುತ್ತಿದ್ದಾರೆ. ಒಬ್ಬೊಬ್ಬಳದು ಒಂದೊಂದು ಪಾತ್ರ. ತನ್ನ ಪಾತ್ರದ ಮಾತನ್ನೂ ನಡೆಯನ್ನೂ ಅವಳೇ ಬರೆಯಬೇಕು. ನಫೀಸಾಳದು ಕೋಟೆಯ ದಳವಾಯಿ. ಕಳೆದ ತಿಂಗಳು ಎಲ್ಲರೂ ಸೇರಿ ಕತೆಯನ್ನು ಇಪ್ಪತ್ತು ವರ್ಷ ಮುಂದಕ್ಕೆ ತಳ್ಳಿದರು. ಹಳೆಯ ಪಾತ್ರಗಳಿಗೆ ಈಗ ಮಕ್ಕಳು ಬರಲಿ ಅಂದರು. ದಳವಾಯಿಗೆ ಒಬ್ಬ ಮಗಳನ್ನು ತರುತ್ತೇನೆ ಅಂದಳು ಪ್ರೇಕ್ಷಾ. ನಫೀಸಾ ಕುಣಿದಾಡಿ ಒಪ್ಪಿದಳು.

ಭಾನುವಾರ ಆ ಮಗಳು ಕತೆಯೊಳಗೆ ಬಂದಳು. ಬಂದವಳೇ, "ಪದವಿಯ ಆಸೆಗೆ ನಮ್ಮಪ್ಪ ನನ್ನನ್ನು ಹಸುಗೂಸಾಗಿದ್ದಾಗಲೇ ಕಾಡಿನಲ್ಲಿ ಬಿಟ್ಟು ಹೋದ" ಎಂದು ಎಲ್ಲರ ಮುಂದೆ ಹೇಳಿದಳು. ಅಂದಿನಿಂದ ಆರು ದಿನವಾಯಿತು, ದಳವಾಯಿ ತುಟಿ ಬಿಚ್ಚಿಲ್ಲ. ನಫೀಸಾ ಪ್ರೇಕ್ಷಾಳ ಫೋನನ್ನೂ ಎತ್ತುತ್ತಿಲ್ಲ.

"ಎಲ್ಲರೂ ಕಾಯ್ತಾ ಇದ್ದಾರೆ ಮಾವ. ಇನ್ನೆರಡು ದಿನ ಹೀಗೇ ಆದ್ರೆ ಗುಂಪೇ ಮುರಿದುಹೋಗುತ್ತೆ. ದಳವಾಯಿ ಹೇಗೆ ಮಾತಾಡ್ತಾನೆ ಅಂತ ನನಗೂ ಚೆನ್ನಾಗಿ ಗೊತ್ತು. ಒಂದು ಪ್ಯಾರಾ ಬರೆದು ಅವನ ಕೈಲಿ ಕ್ಷಮೆ ಕೇಳಿಸಿಬಿಡ್ತೀನಿ. ಮುಗೀತು."

"ಕೂತ್ಕೋ," ಅಂದೆ. "ನಿನ್ನ ಪುಣ್ಯ, ಸರಿಯಾದ ಮನುಷ್ಯನ ಹತ್ತಿರ ಬಂದಿದ್ದೀಯ. ನನಗೆ ಉತ್ತರ ಗೊತ್ತಿಲ್ಲದ ಪ್ರಶ್ನೆ ಈ ಲೋಕದಲ್ಲಿ ಇನ್ನೂ ಹುಟ್ಟಿಲ್ಲ."

"ಹೋದ ವಾರ ಗ್ಯಾಸಿನ ರೆಗ್ಯುಲೇಟರ್ ಯಾವ ಕಡೆ ತಿರುಗಿಸೋದು ಅಂತ ಅಮ್ಮನ್ನ ಕೇಳಿದ್ರಲ್ಲ?"

"ಅದು ನಿಮ್ಮಮ್ಮನ ಪರೀಕ್ಷೆ. ಕತೆ ಕೇಳು."

ಈ ಕತೆಯನ್ನು ನಾನು ಮೂರು ಹಗಲು ಬಿಡದೆ ಹೇಳಬಲ್ಲೆ. ಅಕ್ಕ ಊಟಕ್ಕೆ ಕರೆಯುವುದರೊಳಗೆ ಮುಗಿಸಬೇಕಾಗಿದ್ದರಿಂದ ಚಿಕ್ಕದು ಮಾಡಿದೆ.

ಒಂದು ಊರು. ಅಲ್ಲಿ ಒಂದು ಮಗ್ಗದ ಮನೆ. ಒಳಗೆ ಸಾಲಾಗಿ ಆರು ಮಗ್ಗ. ಆ ಮನೆ ಎಷ್ಟು ಉದ್ದವೆಂದರೆ, ಈ ತುದಿಯ ನೇಕಾರ ಬೆಳಗ್ಗೆ ಆಕಳಿಸಿದರೆ ಆ ಆಕಳಿಕೆ ಕೊನೆಯ ನೇಕಾರನನ್ನು ಮುಟ್ಟುವಾಗ ಮಧ್ಯಾಹ್ನವಾಗಿರುತ್ತಿತ್ತು.

"ಆರು ಮಗ್ಗಕ್ಕೆ ಅಷ್ಟು ಉದ್ದಾನಾ ಮಾವ?"

"ಮಗ್ಗಗಳೂ ಉದ್ದವಾಗಿದ್ದವು."

ಆ ನೇಕಾರರ ಕೈ ಬಟ್ಟೆ ನೇಯುತ್ತಿತ್ತು, ಬಾಯಿ ಕತೆ ನೇಯುತ್ತಿತ್ತು. ಆರು ಮಂದಿಗೂ ಸೇರಿ ಒಂದೇ ಕತೆ. ಒಬ್ಬ ಕತೆಯಲ್ಲಿ ಕಳ್ಳನಾಗಿದ್ದ. ಒಬ್ಬ ವ್ಯಾಪಾರಿಯಾಗಿದ್ದ. ಎಲ್ಲರಿಗಿಂತ ಹಿರಿಯನಾದ ಮುದುಕ ಅಂಬಿಗನಾಗಿದ್ದ. ಅಡ್ಡ ಎಳೆ ಹೊತ್ತ ಲಾಳಿ ಓಡುತ್ತಿರುವಾಗ ಮಾತ್ರ ಪಾತ್ರ ಮಾತಾಡಬೇಕು. ಲಾಳಿ ನಿಂತರೆ ಪಾತ್ರ ಸುಮ್ಮನಾಯಿತು ಎಂದು ತಿಳಿಯಬೇಕು.

ಅಲ್ಲಿ ಎರಡು ಕಟ್ಟಳೆಗಳಿದ್ದವು. ಮೊದಲನೆಯದು, ಅವರವರ ಪಾತ್ರದ ಬಾಯಿಗೆ ಅವರವರೇ ಒಡೆಯರು. ಇನ್ನೊಬ್ಬನ ಪಾತ್ರದ ಕಡೆಗೆ ಕತ್ತಿ ಬೀಸಬಹುದು. ತಾಗಿತೋ ತಪ್ಪಿತೋ ಹೇಳುವವನು ಅವನು. ಎರಡನೆಯದು, ಕತೆಯಲ್ಲಿ ಆಡಬಾರದ ಮಾತು ಆಡಿದವನು ಆ ಮಾತಿನಿಂದ ಈಚೆಗೆ ನೇಯ್ದ ಬಟ್ಟೆಯನ್ನೆಲ್ಲ ಎಳೆ ಎಳೆಯಾಗಿ ಬಿಚ್ಚಬೇಕು. ಬಿಚ್ಚಿದರೆ ಆ ಮಾತನ್ನು ಆಡಿಲ್ಲವೆಂದೇ ಅರ್ಥ. ಮತ್ತೆ ಯಾರೂ ಅದನ್ನು ಎತ್ತುವ ಹಾಗಿಲ್ಲ.

ಕತೆ ಮೂವತ್ತು ವರ್ಷ ನಡೆಯಿತು. ಪಾತ್ರಗಳಿಗೆ ವಯಸ್ಸಾಯಿತು. ಇನ್ನು ಇವರಿಗೆ ಮಕ್ಕಳು ಬೇಕು ಎಂದು ಆರೂ ಮಂದಿ ಒಪ್ಪಿದರು. ಕಳ್ಳನಾಗಿದ್ದವನು ಮೊದಲು ಒಬ್ಬ ಮಗನನ್ನು ತಂದ. ಅಪ್ಪನದೇ ನಗು, ಅಪ್ಪನದೇ ಮಾತು, ಅಪ್ಪನದೇ ಕಿವಿಯ ಪಕ್ಕದ ಮಚ್ಚೆ. "ಇವನೆಂಥ ಮಗನಯ್ಯ, ನಿನ್ನ ಕಳ್ಳನೇ ಮೀಸೆ ಬೋಳಿಸಿಕೊಂಡು ಬಂದಿದ್ದಾನೆ" ಎಂದು ಉಳಿದವರು ನಕ್ಕರು. ಅವನೂ ನಕ್ಕ. ಮರುದಿನ, ಆ ಮಗನಿಗೆ ಕತ್ತಲೆಯೆಂದರೆ ಭಯ ಎಂದು ಸೇರಿಸಿದ. ಆಮೇಲೆ ಅವನು ಮಗನಾದ.

ಅದೇ ಕಾಲಕ್ಕೆ ಆರರಲ್ಲಿ ಒಬ್ಬ ಊರು ಬಿಟ್ಟ. ಅವನ ಮಗ್ಗಕ್ಕೆ ಪರವೂರಿನ ಹೊಸ ನೇಕಾರ ಬಂದ. ಅವನಿಗೆ ಒಳ್ಳೆಯ ಬಾಯಿತ್ತು. ನನ್ನಷ್ಟಲ್ಲ, ಆದರೂ ಪರವಾಗಿಲ್ಲ.

"ಅಣ್ಣ, ನಾನು ನಿಮ್ಮ ಅಂಬಿಗನಿಗೆ ಮಗ ಆಗಲಾ?" ಎಂದು ಅವನು ಮುದುಕನನ್ನು ಕೇಳಿದ.

"ಆಗಪ್ಪ," ಎಂದ ಮುದುಕ. "ಅಂಬಿಗನ ಅಟ್ಟದ ಮೇಲೆ ಚಿಕ್ಕದೊಂದು ಹುಟ್ಟುಗೋಲು ಇದೆ. ಯಾರಿಗೆ ಅಂತ ಕೆತ್ತಿದ್ದೋ ನನಗೂ ಇವತ್ತೇ ಗೊತ್ತಾಯ್ತು."

ಹೊಸ ನೇಕಾರ ಒಂದು ಹೊಸ ಸೀರೆಗೆ ಉದ್ದೆಳೆಗಳ ಹಾಸು ಹೂಡಿದ. ಲಾಳಿ ಎಸೆದ. ಅಂಬಿಗನ ಮಗ ಕತೆಯೊಳಗೆ ಬಂದ.

"ನೆರೆ ಬಂದ ದಿನ ನಮ್ಮಪ್ಪ ಊರವರ ಹೊಗಳಿಕೆಗೆ ಆಸೆಪಟ್ಟ. ಊರವರ ಮಕ್ಕಳನ್ನೆಲ್ಲ ದೋಣಿಗೆ ಹತ್ತಿಸಿಕೊಂಡ. ನನ್ನೊಬ್ಬನನ್ನು ದಡದಲ್ಲಿ ಬಿಟ್ಟು ಹೋದ. ನಾನು ಯಾರ ಯಾರದೋ ಮನೆಯಲ್ಲಿ ಬೆಳೆದೆ."

ವ್ಯಾಪಾರಿಯಾಗಿದ್ದವನು ಕಣ್ಣು ಒರೆಸಿಕೊಂಡ. ಕಳ್ಳನಾಗಿದ್ದವನು ಭೇಷ್ ಎಂದ. ಮುದುಕನ ಲಾಳಿ ನಿಂತಿತು.

ಮರುದಿನ ಮಗ ಅಪ್ಪನ ಗುಡಿಸಲ ಮುಂದೆ ನಿಂತು ಕೂಗಿದ. ಅಂಬಿಗ ಹೊರಗೆ ಬರಲಿಲ್ಲ. ಮೂರನೆಯ ದಿನ ಮಗ ಬೈದ. ನಾಲ್ಕನೆಯ ದಿನ ಕಲ್ಲು ಬೀಸಿದ. ಕಲ್ಲು ತಾಗಿತೋ ತಪ್ಪಿತೋ ಹೇಳುವವರಿಲ್ಲ. ಮುದುಕ ಬೆಳಗ್ಗೆ ಬಂದು ಮಗ್ಗದಲ್ಲಿ ಕೂರುತ್ತಿದ್ದ. ಬೇರೆಯವರು ಮಾತಾಡದ ಹೊತ್ತಿನಲ್ಲಿ ನೇಯುತ್ತಿದ್ದ. ಕತೆ ಶುರುವಾದರೆ ಲಾಳಿ ಕೆಳಗಿಡುತ್ತಿದ್ದ.

ಮಗನ ಸಿಟ್ಟಿಗೆ ಎದುರು ಸಿಗಲಿಲ್ಲ. ಕಳ್ಳನೂ ವ್ಯಾಪಾರಿಯೂ ಅಂಬಿಗನಿಗಾಗಿ ಕಾದು ಕಾದು ತಾವೂ ಸುಮ್ಮನಾದರು. ಮೂವತ್ತು ವರ್ಷದ ಕತೆ ಒಂದು ಗುಡಿಸಲ ಬಾಗಿಲಲ್ಲಿ ನಿಂತುಬಿಟ್ಟಿತು.

ಏಳನೆಯ ದಿನ ಹೊಸ ನೇಕಾರನಿಗೆ ತಡೆಯಲಾಗಲಿಲ್ಲ. ಮುದುಕನ ದನಿ ತೆಗೆದು, ಮುದುಕನ ಹಾಗೇ ಕೆಮ್ಮಿ, ಅಂಬಿಗನನ್ನು ತಾನೇ ಮಾತಾಡಿಸಿದ. "ತಪ್ಪಾಯಿತು ಮಗಾ, ಆಸೆಗೆ ಬಿದ್ದೆ, ಕ್ಷಮಿಸು" ಎಂದು ಅವನ ಕೈಲಿ ಕಣ್ಣೀರು ಹಾಕಿಸಿದ. ಬಹಳ ಚೆನ್ನಾಗಿ ಹಾಕಿಸಿದ. ಯಾರೂ ಭೇಷ್ ಎನ್ನಲಿಲ್ಲ.

ಇಷ್ಟು ಹೊತ್ತಿಗೆ ಪ್ರೇಕ್ಷಾ ಮೊಬೈಲನ್ನು ಬೋರಲಾಗಿ ಇಟ್ಟಿದ್ದಳು. ನಾನು ನೋಡದ ಹಾಗೆ ಮುಂದುವರಿಸಿದೆ. ನೋಡದ ಹಾಗೆ ನೋಡುವುದರಲ್ಲಿ ನನಗೆ ಸರಿಸಮಾನರಿಲ್ಲ.

ಮುದುಕ ಹೊಸ ನೇಕಾರನ ಕಡೆಗೆ ತಿರುಗಿದ.

"ತಮ್ಮಾ, ಮಗನೂ ನೀನೇ, ಅಪ್ಪನೂ ನೀನೇ. ಇಲ್ಲಿ ನಾನು ಯಾರು?"

"ಮತ್ತೇನು ಮಾಡಲಿ ಅಣ್ಣ? ಏಳು ದಿನದಿಂದ ನೀವು ಬಾಯೇ ಬಿಡಲಿಲ್ಲವಲ್ಲ!"

"ಅಂಬಿಗ ಬಿಟ್ಟು ಹೋದ ಅಂತ ನೀನಂದೆ. ಯಾಕೆ ಬಿಟ್ಟ ಅನ್ನೋದನ್ನೂ ನೀನೇ ಅಂದೆ. ನನ್ನ ಬಾಯಿಗೆ ಏನು ಉಳಿಸಿದ್ದೆ?" ಮುದುಕ ಎದ್ದು ಪಂಚೆ ಕೊಡವಿಕೊಂಡ. "ಈ ಹಾಸು ಮುಗಿಯಲಿ. ಆಮೇಲೆ ನನ್ನ ಮಗ್ಗವನ್ನು ಮನೆಗೆ ಸಾಗಿಸುತ್ತೇನೆ."

ಆ ಹಾಸಿನಲ್ಲಿ ಇನ್ನೂ ನಾಲ್ಕು ದಿನದ ನೇಯ್ಗೆ ಉಳಿದಿತ್ತು.

ಹೊಸ ನೇಕಾರ ಲಾಳಿಯನ್ನು ಪಕ್ಕಕ್ಕಿಟ್ಟು ಬಟ್ಟೆಯನ್ನು ಬಿಚ್ಚತೊಡಗಿದ.

"ಒಂದು ಗೇಣು ಬಿಚ್ಚು ಸಾಕು," ಎಂದ ವ್ಯಾಪಾರಿಯಾಗಿದ್ದವನು. "ಅಂಬಿಗ ಅತ್ತದ್ದು ಅಷ್ಟರಲ್ಲೇ ಇದೆ."

ಅವನು ಒಂದು ಗೇಣಿಗೆ ನಿಲ್ಲಲಿಲ್ಲ. ಕಲ್ಲು ಬೀಸಿದ ಜಾಗ ಬಂತು, ಬಿಚ್ಚಿದ. ಬೈದ ಜಾಗ ಬಂತು, ಬಿಚ್ಚಿದ. ನೇಯುವುದಕ್ಕಿಂತ ಬಿಚ್ಚುವುದು ನಾಜೂಕಿನ ಕೆಲಸ. ಜೋರಾಗಿ ಎಳೆದರೆ ಹಾಸು ಹರಿಯುತ್ತದೆ. ಮೂರು ದಿನ ಬಿಚ್ಚಿದ. ಎಲ್ಲರೂ ಭೇಷ್ ಅಂದಿದ್ದ ಜಾಗ ಬಂದಾಗ ಅವನ ಕೈ ಸ್ವಲ್ಪ ತಡೆಯಿತು. ಅದನ್ನೂ ಬಿಚ್ಚಿದ. ಕೊನೆಗೆ ಮಗ್ಗದ ಮೇಲೆ ಬರೀ ಹಾಸು ಉಳಿಯಿತು.

ಆಗ ಅವನು ಮುದುಕನನ್ನು ಕೇಳಿದ:

"ಅಣ್ಣ, ನೆರೆಯ ದಿನ ಮಗ ದಡದಲ್ಲಿ ಉಳಿದ ಅಂತ ಇಟ್ಟುಕೊಳ್ಳಲಾ?"

ಮುದುಕ ಯೋಚಿಸಿದ. "ಇಟ್ಟುಕೋ."

"ಯಾಕೆ ಉಳಿದ ಅಂತ ಹೇಳಲಿ?"

"ನೀನು ಹೇಳಬೇಡ. ಮಗನ ಬಾಯಿಂದ ಅಂಬಿಗನನ್ನು ಕೇಳು."

ಹೊಸ ನೇಕಾರ ಲಾಳಿ ಎಸೆದ. "ಅಪ್ಪಾ, ನಾನು ದಡದಲ್ಲಿ ನಿಂತಿದ್ದೆ. ನಿನ್ನ ದೋಣಿ ಹೋಗ್ತಾ ಇತ್ತು. ನನಗೆ ನೆನಪಿರೋದು ಅಷ್ಟೇ. ನನ್ನನ್ನ ಯಾಕೆ ಕರಕೊಂಡು ಹೋಗಲಿಲ್ಲ?"

ಹತ್ತು ದಿನದ ಮೇಲೆ ಅಂಬಿಗನಿಗಾಗಿ ಮುದುಕನ ಲಾಳಿ ಓಡಿತು.

"ಆ ದಿನ ದೋಣಿ ಸೋರುತ್ತಿತ್ತು ಮಗಾ. ಇಳಿಯಿರಿ ಇಳಿಯಿರಿ ಅಂತ ಎಲ್ಲರಿಗೂ ಹೇಳಿದೆ. ನನ್ನ ಮಾತು ಕೇಳಿ ಇಳಿದವನು ನೀನೊಬ್ಬನೇ."

ಉಳಿದ ಐದು ಲಾಳಿಗಳೂ ನಿಂತವು. ಹೊಸ ನೇಕಾರ ಮಗನ ಬಾಯಿಗೆ ಎಷ್ಟೋ ಮಾತು ಕೂಡಿಸಿಟ್ಟಿದ್ದ. ಅದರಲ್ಲಿ ಒಂದೂ ಈಗ ಕೆಲಸಕ್ಕೆ ಬರಲಿಲ್ಲ. ಹುಡುಕಿ ಹುಡುಕಿ ಲಾಳಿ ಎಸೆದ.

"ಆಮೇಲೆ ಯಾಕೆ ಬರಲಿಲ್ಲ?"

"ಮೂರನೆಯ ದಿನ ಬಂದೆ. ದಡದಲ್ಲಿ ನೀನಿರಲಿಲ್ಲ."

"ಅಟ್ಟದ ಮೇಲಿನ ಹುಟ್ಟುಗೋಲು?"

"ಅಲ್ಲೇ ಇದೆ. ಈಗ ನಿನ್ನ ಅಳತೆಗೆ ಚಿಕ್ಕದು. ಬಾ, ಬೇರೆ ಕೆತ್ತೋಣ."

ಮುದುಕ ಮಗ್ಗವನ್ನು ಸಾಗಿಸಲಿಲ್ಲ. ಕತೆ ಇನ್ನೂ ಹನ್ನೊಂದು ವರ್ಷ ನಡೆಯಿತು. ಆ ಸೀರೆಯನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಗಾಳಿ ಬೀಸಿದರೆ ಅದರ ಸೆರಗಿನಿಂದ ಹೊಳೆಯ ಸದ್ದು ಬರುತ್ತದೆ. ನಂಬದವರು ನಂಬದಿರಲಿ.

ಒಳಗಿನಿಂದ ತಟ್ಟೆ ಇಡುವ ಸದ್ದಾಯಿತು. ಪ್ರೇಕ್ಷಾ ಏಳಲಿಲ್ಲ.

"ಮಾವ, ಒಂದು ಹೇಳಿ. ದೋಣಿ ಸೋರ್ತಿತ್ತು ಅನ್ನೋದು ಮುದುಕನ ಮನಸ್ಸಲ್ಲಿ ಮೊದಲೇ ಇತ್ತಾ? ಇಲ್ಲ, ಮಗ ಕೇಳಿದ ಮೇಲೆ ಹೊಳೀತಾ?"

ನನಗೆ ಉತ್ತರ ಗೊತ್ತಿಲ್ಲದ ಪ್ರಶ್ನೆ ಇಲ್ಲವೆಂದು ಆಗಲೇ ಹೇಳಿದ್ದೇನೆ. ಇದರ ಉತ್ತರವೂ ನಾಲಿಗೆಯ ತುದಿಯವರೆಗೆ ಬಂದಿತ್ತು.

"ಅದನ್ನ ಮುದುಕ ಹೇಳಬೇಕು ಕಣೇ, ಅವನ ಬದಲಿಗೆ ಹೇಳೋಕೆ ನಾನು ಯಾರು?" ಅಂದೆ.

ಪ್ರೇಕ್ಷಾ ಮೊಬೈಲನ್ನು ಎತ್ತಿಕೊಂಡು, ಭಾನುವಾರದ ತನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆಂದು ನಫೀಸಾಳಿಗೆ ಬರೆಯತೊಡಗಿದಳು.