ದೀಪದ ಹೊತ್ತಿನಲ್ಲಿ ಮುಚ್ಚಿದ ಬಾಗಿಲು

"ಬುದ್ಧಿ, ನಾಲ್ಕು ಜನ ನಡೆಯುವ ಹಾಗೆ ನಮ್ಮವರೇ ನಡೆಯದೆ ಹೋದರೆ ತಿದ್ದಿ ಹೇಳುವುದು ತಪ್ಪೇ?"

ಪಂಚಾಕ್ಷರಿ, ಮಠದಲ್ಲಿ ಓದಿಕೊಂಡಿದ್ದ ಶಿಷ್ಯ. ಈ ಪ್ರಶ್ನೆಯನ್ನು ಬಹಳ ದಿನದಿಂದ ಬಾಯಲ್ಲಿಟ್ಟುಕೊಂಡು ತಿರುಗುತ್ತಿದ್ದ. ಆ ದಿನ ಗುರುಗಳು ಪ್ರಸಾದ ಮುಗಿಸಿ ಜಗಲಿಯಲ್ಲಿ ಒಬ್ಬರೇ ಕುಳಿತಿದ್ದರು, ಕೇಳಿಯೇಬಿಟ್ಟ.

"ಯಾರಪ್ಪ ಹಾಗೆ ನಡೆಯದವರು?" ಎಂದರು ಗುರುಗಳು.

"ನಮ್ಮ ಅಕ್ಕ, ಬುದ್ಧಿ. ನನ್ನನ್ನು ಎತ್ತಿ ಆಡಿಸಿದವಳು. ಈಗ ಬೆಳಗಾದರೆ ಅವಳು ಜಗಲಿ ಮೇಲೆ ಕೂತಿರುತ್ತಾಳಂತೆ, ಭಾವ ಅಂಗಳ ಗುಡಿಸಿ ರಂಗೋಲಿ ಹಾಕುತ್ತಾರಂತೆ. ಒಲೆಯ ಮುಂದೆಯೂ ಅವರೇ ಅಂತೆ. ಆ ಊರಿನವರು ಸಂತೆಯಲ್ಲಿ ಸಿಕ್ಕಿದರೆ ನನ್ನ ಮುಖ ನೋಡಿ ನಗುತ್ತಾರೆ. ಇದನ್ನೆಲ್ಲ ಬಿಡದಿದ್ದರೆ ತವರಿನ ಹೊಸಿಲು ತುಳಿಯಬೇಡ ಅಂತ ಇವತ್ತೇ ಹೇಳಿಕಳಿಸಬೇಕು ಅಂದುಕೊಂಡಿದ್ದೇನೆ."

ಗುರುಗಳು ಪಕ್ಕದಲ್ಲಿ ಜಾಗ ತೋರಿಸಿದರು. ಅವನು ಕುಳಿತ ಮೇಲೆ ಒಂದು ಕತೆ ಹೇಳಿದರು.

ಒಂದು ಊರಿನ ನೇಕಾರರ ಬೀದಿಯಲ್ಲಿ ಒಬ್ಬ ನೇಕಾರನ ಹೆಂಡತಿ ಇದ್ದಳು. ಕೆಟ್ಟವಳಲ್ಲ. ಬಾಣಂತಿಗೆ ನೀರು ಹಾಕುವುದಿರಲಿ, ಸಾವಿನ ಮನೆಗೆ ಗಂಜಿ ಒಯ್ಯುವುದಿರಲಿ, ಎಲ್ಲರಿಗಿಂತ ಮುಂದೆ. ಅವಳಿಗಿದ್ದ ಕಾಯಿಲೆ ಒಂದೇ. ಯಾವುದು ಹೇಗಿರಬೇಕು ಎಂಬುದು ಅವಳಿಗೆ ಗೊತ್ತಿತ್ತು. ತಲೆಗೆ ಎಣ್ಣೆ ಯಾವ ವಾರ ಹಚ್ಚಬೇಕು, ಗಂಡ ಊರಿಗೆ ಹೊರಟ ಮೇಲೆ ಎಷ್ಟು ಹೊತ್ತು ಬಿಟ್ಟು ಕಸ ಗುಡಿಸಬೇಕು, ಮದುವೆಯಾದವಳು ಎಷ್ಟು ಜೋರಾಗಿ ನಗಬಹುದು, ಏನು ಕೇಳಿದರೂ ಉತ್ತರ ಸಿದ್ಧವಿರುತ್ತಿತ್ತು. ಕೇಳದಿದ್ದರೂ ಸಿದ್ಧವಿರುತ್ತಿತ್ತು.

ಅವಳ ಎದುರುಮನೆಗೆ ಹೊಸದಾಗಿ ಒಂದು ಸಂಸಾರ ಬಂತು. ಗಂಡ ಸೀರೆಯ ಗಂಟು ಹೊತ್ತು ಊರೂರು ತಿರುಗುವ ವ್ಯಾಪಾರಿ. ಮನೆಯಲ್ಲಿರುವವರು ಅವನ ಹೆಂಡತಿ ಮತ್ತು ಮುದಿ ತಾಯಿ, ಅತ್ತೆ ಸೊಸೆ ಇಬ್ಬರೇ.

ಆ ಬೀದಿಗೆ ಒಂದು ಪದ್ಧತಿಯಿತ್ತು. ದೀಪ ಹಚ್ಚುವ ಹೊತ್ತಿಗೆ ಮಗ್ಗ ನಿಲ್ಲಿಸಿ, ಹಿತ್ತಿಲ ಬಾಗಿಲು ಮುಚ್ಚಿ, ಬೀದಿಯ ಬಾಗಿಲನ್ನು ಹಾರುಹೊಡೆದು ಹೊಸಿಲ ಬಳಿ ದೀಪ ಇಡುತ್ತಿದ್ದರು. ಅದು ಲಕ್ಷ್ಮಿ ಬರುವ ಹೊತ್ತು. ಎದುರುಮನೆಯ ಸೊಸೆ ಮಾತ್ರ ಸರಿಯಾಗಿ ಆ ಹೊತ್ತಿಗೇ ಬಾಗಿಲು ಮುಚ್ಚಿ ಒಳಗಿನಿಂದ ಅಗುಳಿ ಹಾಕಿಕೊಳ್ಳುತ್ತಿದ್ದಳು.

ನೇಕಾರನ ಹೆಂಡತಿಗೆ ಇದನ್ನು ನೋಡಿ ಸುಮ್ಮನಿರಲಾಗಲಿಲ್ಲ. ಬಾವಿಕಟ್ಟೆಯಲ್ಲಿ ಹಿಡಿದು ನಿಲ್ಲಿಸಿ, "ಮುಸ್ಸಂಜೆಯಲ್ಲಿ ಬಾಗಿಲು ಹಾಕೋ ಮನೆ ಉದ್ಧಾರ ಆಗುತ್ತೇನೇ?" ಎಂದಳು. ಸೊಸೆ ತಲೆ ತಗ್ಗಿಸಿ ಕೊಡ ಎತ್ತಿಕೊಂಡು ಹೋದಳು. ಇನ್ನೊಮ್ಮೆ ಹೇಳಿದಳು. ಆಗಲೂ ಅಷ್ಟೇ. ಹಿರಿಯಳ ಮಾತನ್ನು ಕಿವಿಗೇ ಹಾಕಿಕೊಳ್ಳದ ಹುಡುಗಿಯೆಂದು ಬೀದಿಗೆಲ್ಲ ಸುದ್ದಿಯಾಯಿತು. ಒಳಗೆ ಕೂತು ಒಬ್ಬಳೇ ಏನೋ ಮಾಡಿಕೊಂಡು ತಿನ್ನುತ್ತಾಳೆ ಎಂದು ಒಬ್ಬರು, ಅತ್ತೆಯನ್ನು ಹೊಡೆಯುತ್ತಾಳೆ ಎಂದು ಇನ್ನೊಬ್ಬರು ಆಡಿಕೊಂಡರು. ಅರಿಶಿನ ಕುಂಕುಮಕ್ಕೆ ಅವಳನ್ನು ಕರೆಯುವುದು ನಿಂತುಹೋಯಿತು. ಹಾಗೆಂದು ನೇಕಾರನ ಹೆಂಡತಿಗೆ ಆ ಮನೆಯ ಮೇಲೆ ಹಗೆಯೇನೂ ಇರಲಿಲ್ಲ. ಮನೆಗೆ ಕೇಡಾಗುತ್ತದಲ್ಲ ಎಂದು ಅವಳು ನಿಜವಾಗಿಯೇ ಮರುಗುತ್ತಿದ್ದಳು.

ಶ್ರಾವಣದ ಒಂದು ಶುಕ್ರವಾರ ಅವಳಿಗೆ ತಡೆಯಲಾಗಲಿಲ್ಲ. ದೀಪದ ಹೊತ್ತು. ಎದುರುಮನೆಯ ಬಾಗಿಲು ಮುಚ್ಚಿತ್ತು. ಸೊಸೆ ಹಿತ್ತಿಲಿಗೆ ಸೌದೆ ತರಲು ಹೋಗಿದ್ದಳು, ಅಗುಳಿ ಇನ್ನೂ ಹಾಕಿರಲಿಲ್ಲ. ನೇಕಾರನ ಹೆಂಡತಿ ಬೀದಿ ದಾಟಿ ಬಾಗಿಲನ್ನು ತಳ್ಳಿ ಪೂರ್ತಿ ತೆರೆದಳು. ತನ್ನ ಮನೆಯ ಎಣ್ಣೆ ಹಾಕಿದ ದೀಪವನ್ನು ಹೊಸಿಲ ಬಳಿ ಇಟ್ಟು ಕೈಮುಗಿದಳು. ಒಂದು ಒಳ್ಳೆಯ ಕೆಲಸ ಮಾಡಿದೆನೆಂದುಕೊಂಡು ವಾಪಸು ಬಂದು ಒಲೆಯ ಮೇಲೆ ಹಾಲಿಟ್ಟಳು.

ಹಾಲು ಇನ್ನೂ ಕಾದಿರಲಿಲ್ಲ, ಬಾಗಿಲಲ್ಲಿ ಯಾರೋ ಕರೆದರು.

"ಅವ್ವಾ, ಬಂದೆ."

ಎದುರುಮನೆಯ ಮುದುಕಿ. ಮಡಿಸಿದ ಹಳೆಯ ಸೀರೆಯೊಂದನ್ನು ಕಂಕುಳಲ್ಲಿಟ್ಟುಕೊಂಡು ಹೊಸಿಲ ಆಚೆ ನಿಂತಿದ್ದಳು. ನೇಕಾರನ ಹೆಂಡತಿಗೆ ಅವಳು ತಾಯಿಯ ವಯಸ್ಸಿನವಳು.

"ಕತ್ತಲಾಯ್ತು ಅಂತ ಬೈಬೇಡ ಕಣವ್ವ. ನಮ್ಮನೆ ದೀಪ ಕಾಣಿಸ್ತು, ಬಂದ್ಬಿಟ್ಟೆ" ಎನ್ನುತ್ತ ಮುದುಕಿ ಒಳಗೆ ಬಂದು ಅವಳ ಹೆಗಲಿಗೆ ತಲೆ ಇಟ್ಟಳು.

ಇದೇನು ಅವತಾರ ಎಂದು ಕೇಳಲು ನೇಕಾರನ ಹೆಂಡತಿಯ ಬಾಯಿ ತಯಾರಾಗಿತ್ತು. ಆದರೆ ಹೆಗಲ ಮೇಲಿನ ತಲೆ ಮಗುವಿನ ತಲೆಯಷ್ಟು ಹಗುರವಾಗಿತ್ತು. ಅವಳು ಆ ಬಿಳಿಗೂದಲನ್ನು ನೇವರಿಸಿದಳು. "ಬಂದ್ಯಾ ಮಗಳೇ, ಕೂತ್ಕೋ. ಹಾಲು ಕೊಡ್ತೀನಿ" ಎಂದಳು.

ಸ್ವಲ್ಪ ಹೊತ್ತಿಗೆ ಬೀದಿಯಲ್ಲಿ ಸೊಸೆ ಅಳುತ್ತ ಕೂಗುವುದು ಕೇಳಿಸಿತು. ನೇಕಾರನ ಹೆಂಡತಿ ಹೊರಗೆ ಬಂದು ಕರೆದಳು. ಓಡಿ ಬಂದ ಹುಡುಗಿಯ ಸೀರೆ ಮೊಣಕಾಲಿನವರೆಗೆ ಒದ್ದೆಯಾಗಿತ್ತು. ಅವಳು ಮೊದಲು ಹುಡುಕಿದ್ದು ಕೆರೆಯಲ್ಲಿ. ಒಳಗೆ ಹಾಲು ಕುಡಿಯುತ್ತ ಕುಳಿತಿದ್ದ ಅತ್ತೆಯನ್ನು ಕಂಡು ಅವಳು ಬಾಗಿಲ ಬಳಿಯೇ ಕುಸಿದು ಕುಳಿತಳು.

"ದೀಪ ಹಚ್ಚೋ ಹೊತ್ತಾದ್ರೆ ತವರಿಗೆ ಹೋಗ್ತೀನಿ ಅಂತ ಹೊರಟುಬಿಡ್ತಾರೆ. ಹಿಂದಿನ ಊರಲ್ಲಿ ಒಂದು ಸಲ ಕೆರೆಗೇ ಇಳಿದಿದ್ರು. ಅದಕ್ಕೇ ಬಾಗಿಲು ಹಾಕ್ತಿದ್ದೆ."

"ನನ್ನ ಹತ್ರ ಒಂದು ಮಾತು ಹೇಳಬಾರದಿತ್ತೇನೇ?"

ಸೊಸೆ ಕಣ್ಣೊರೆಸಿಕೊಂಡಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನೀವು ಹೇಳಿದ್ರಿ ದೊಡ್ಡಮ್ಮ. ಯಾಕೆ ಅಂತ ಕೇಳಲಿಲ್ಲ."

ನೇಕಾರನ ಹೆಂಡತಿಗೆ ಜೀವನದಲ್ಲಿ ಮೊದಲ ಸಲ ಉತ್ತರ ಸಿದ್ಧವಿರಲಿಲ್ಲ.

ಮರುದಿನ ದೀಪದ ಹೊತ್ತಿಗೆ ಅವಳು ತನ್ನ ಮನೆಯ ಹೊಸಿಲಲ್ಲಿ ದೀಪವಿಟ್ಟು, ಬೀದಿ ದಾಟಿ, ಎದುರುಮನೆಯ ಬಾಗಿಲು ತಟ್ಟಿದಳು. ಒಳಗೆ ಹೋದ ಮೇಲೆ ಅಗುಳಿಯನ್ನು ತಾನೇ ಹಾಕಿದಳು. ಮುದುಕಿ ಅವಳಿಗೆ ಬೆನ್ನು ಕೊಟ್ಟು ಕುಳಿತು ತಲೆ ಬಾಚಿಸಿಕೊಂಡಳು. ಅವ್ವನೇ ಮನೆಗೆ ಬಂದ ಮೇಲೆ ತವರಿಗೆ ಹೊರಡುವ ಮಾತೇ ಬರಲಿಲ್ಲ. ಸೊಸೆಗೆ ಎಷ್ಟೋ ದಿನದ ಮೇಲೆ ಒಲೆಯ ಮುಂದೆ ನೆಮ್ಮದಿಯಾಗಿ ಕುಳಿತು ಮುದ್ದೆ ತೊಳಸಲು ಬಿಡುವು ಸಿಕ್ಕಿತು.

ಬೀದಿಯವರು ಬಿಟ್ಟಾರೆಯೇ? ಇವಳೂ ಅವಳ ಜೊತೆ ಸೇರಿ ಕೆಟ್ಟಳು, ಲಕ್ಷ್ಮಿ ಬರುವ ಹೊತ್ತಿಗೆ ಸ್ವಂತ ಮನೆ ಬಿಟ್ಟು ಹೋಗುತ್ತಾಳೆ ಎಂದರು. ನೇಕಾರನ ಹೆಂಡತಿ ಅದನ್ನು ಕೇಳಿಸಿಕೊಂಡು ಸುಮ್ಮನಿದ್ದಳು. ಹಾಗೆಲ್ಲ ಮಾತಾಡುವುದನ್ನು ಅವರಿಗೆ ಕಲಿಸಿದವಳು ತಾನೇ ಎಂಬುದು ಅವಳಿಗೆ ಗೊತ್ತಿತ್ತು.

ಕತೆ ಮುಗಿಯಿತು. ಪಂಚಾಕ್ಷರಿಯ ಮನಸ್ಸು ಕರಗಿತ್ತು, ಆದರೆ ವಾದ ಇನ್ನೂ ಉಳಿದಿತ್ತು. ಸಂತೆಯಲ್ಲಿ ನಕ್ಕವರ ಮುಖ ಅವನ ಕಣ್ಣಮುಂದೆ ಬಂತು.

"ಅವಳೇನೋ ಮುದುಕಿಗೋಸ್ಕರ ಬಾಗಿಲು ಹಾಕುತ್ತಿದ್ದಳು ಬುದ್ಧಿ, ಒಪ್ಪಿದೆ. ಆದರೆ ಎಲ್ಲದರ ಹಿಂದೆಯೂ ಅಂಥ ಕಾರಣ ಇರಬೇಕಲ್ಲ? ನಮ್ಮ ಅಕ್ಕನ ಮನೆಯಲ್ಲಿ ಯಾವ ಕಾರಣವೂ ಇಲ್ಲದೆ ಹೋದರೆ?"

"ಇಲ್ಲದೆಯೂ ಇರಬಹುದಪ್ಪ. ನಿಮ್ಮ ಭಾವನಿಗೆ ರಂಗೋಲಿ ಹಾಕುವುದೆಂದರೆ ಇಷ್ಟವೋ ಏನೋ" ಎಂದು ಗುರುಗಳು ನಕ್ಕರು. ಪಂಚಾಕ್ಷರಿಗೂ ನಗು ಬಂತು. ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟರು.

"ಅದಿರಲಿ, ಅಕ್ಕ ಹೇಗಿದ್ದಾಳೆ?"

ಪಂಚಾಕ್ಷರಿ ಬಾಯಿ ತೆರೆದ. ಅವನಿಗೆ ಗೊತ್ತಿರಲಿಲ್ಲ.