ಕಟ್ಟಿದವನೇ ಬಿಚ್ಚಬೇಕು

ನಿಮಗೆ ಕೇಳಲು ಕಿವಿ ಇರಲಿ, ನನಗೆ ಹೇಳಲು ಬಾಯಲ್ಲಿ ಎಲೆಅಡಿಕೆ ಇರಲಿ. ಹೊಳೆ ಹೋಗಿ ಸಮುದ್ರ ಸೇರುವ ಅಳಿವೆಯ ದಂಡೆಯಲ್ಲಿ ಅಂಬಿಗರ ಕೇರಿ. ಆ ಕೇರಿಯಲ್ಲಿ ಮಾಸ್ತಿ ಅಂತ ಒಬ್ಬಳು. ಅವಳಿಗೊಬ್ಬನೇ ಮಗ, ಜಟ್ಟು. ಜಟ್ಟುವಿಗೆ ಮೀಸೆ ಬಂದಿತ್ತು, ಬುದ್ಧಿ ಮಾತ್ರ ದಾರಿಯಲ್ಲಿ ಎಲ್ಲೋ ಕೂತುಬಿಟ್ಟಿತ್ತು. ಗಂಜಿ ಉಕ್ಕದ ಹಾಗೆ ನೋಡಿಕೋ ಅಂದರೆ ಒಲೆಗೇ ನೀರು ಹೊಯ್ಯುವವ!

ಅವನ ಅಪ್ಪ ಹಾಯಿದೋಣಿ ಹತ್ತಿ "ಬರ್ತೆ" ಅಂತ ಹೋದವನು ಬರಲಿಲ್ಲ. ಅಂದಿನಿಂದ ಮಾಸ್ತಿ ತೆಂಗಿನ ನಾರಿನ ಕತ್ತ ಹೊಸೆದು, ದೋಣಿಗಳಿಗೆ ಹಗ್ಗ ಮಾಡಿ ಕೊಟ್ಟು ಮಗನನ್ನು ಸಾಕಿದಳು. ಹೊಸೆದೂ ಹೊಸೆದೂ ಅವಳ ಅಂಗೈ ಸವೆಯಿತು. "ನಾನು ಹೋದ ಮೇಲೆ ಇವನ ಗತಿ ಎಂತದು ದೇವರೇ!" ಎಂದು ದಿನಾ ಅಳುತ್ತಿದ್ದಳು. ಕಡೆಗೆ ಒಂದು ದಿನ ದಾಸು ತಂಡೇಲನ ಕಾಲು ಹಿಡಿದಳು. ತಂಡೇಲ ಅಂದರೆ ದೋಣಿಯ ಯಜಮಾನ. ಅವನು ಹೇಳಿದ ಕಡೆಗೇ ಹಾಯಿ ತಿರುಗಬೇಕು.

"ಒಂದು ಸಲ ಕರ್ಕಂಡು ಹೋಗ್ತೆ ಮಾಸ್ತಕ್ಕ. ಹೊಂದಿಕೊಂಡ್ರೆ ಇಟ್ಕಳ್ತೆ. ಇಲ್ಲಾಂದ್ರೆ ಮತ್ತೆ ಕೇಳಬೇಡ," ಅಂದ ತಂಡೇಲ.

ಅಷ್ಟಕ್ಕೇ ಮಾಸ್ತಿಯ ಕಣ್ಣು ತುಂಬಿತು. "ನಿಮ್ಮ ಹೊಟ್ಟೆ ತಣ್ಣಗಿರಲಿ ತಂಡೇಲ್ರೆ," ಅಂದಳು. ಮಗನಿಗೆ ತಲೆ ಬಾಚಿ ಬುದ್ಧಿ ಹೇಳಿದಳು: "ನೋಡು ತಮಾ, ತಂಡೇಲ್ರು ಕೈಗೆ ಕೊಟ್ಟ ಹಗ್ಗವನ್ನ ಏನಾದ್ರೂ ಬಿಡಬೇಡ!"

"ಬಿಡೂದಿಲ್ಲ ಅವ್ವ!" ಅಂದ ಜಟ್ಟು. ಬಿಡಲೂ ಇಲ್ಲ.

ದೋಣಿ ಹೊರಟಿತು. ಹಾಯಿ ಕಟ್ಟಿದ ದೊಡ್ಡ ಅಡ್ಡಮರವನ್ನು ಎಲ್ಲರೂ ಸೇರಿ "ಐಸಾ!" ಎಂದು ಹಗ್ಗ ಜಗ್ಗಿ ಕಂಬದ ತುದಿಗೆ ಏರಿಸಿದರು. ಹಗ್ಗದ ಬಾಲ ಜಟ್ಟುವಿನ ಕೈಯಲ್ಲಿತ್ತು. ಉಳಿದವರು ಹಗ್ಗವನ್ನು ಗೂಟಕ್ಕೆ ಸುತ್ತಿ ಕೂತರು. ಜಟ್ಟು ಕೂರಲಿಲ್ಲ. ಊಟಕ್ಕೆ ಕರೆದರೆ ಎಡಗೈಯಲ್ಲಿ ಹಗ್ಗ, ಬಲಗೈಯಲ್ಲಿ ಗಂಜಿ. ಸಂಜೆ ದಡ ಹತ್ತಿರ ಬಂತು, ಹಾಯಿ ಇಳಿಸಲು ಗೂಟದ ಸುತ್ತು ಬಿಚ್ಚಿ ಎಲ್ಲರೂ ಕೈ ಬಿಟ್ಟರು. ಜಟ್ಟು ಬಿಡಲಿಲ್ಲ. ಅಡ್ಡಮರ ದಡದಡ ಕೆಳಗೆ ಬಂತು, ಜಟ್ಟು ಸರಸರ ಮೇಲೆ ಹೋದ!

"ಬಿಡೋ!" ಅಂತ ಕೆಳಗಿನವರು ಕೂಗಿದರು.

"ಬಿಟ್ರೆ ಅವ್ವ ಬಯ್ತಾಳೆ!" ಅಂತ ಕಂಬದ ತುದಿಯಿಂದ ಉತ್ತರ ಬಂತು.

ಏಣಿ ಹಾಕಿ ಇಳಿಸಿದ್ದಾಯಿತು. "ಹುಚ್ಚು ಮುಂಡೇದೆ!" ಎಂದು ತಂಡೇಲ ತಲೆ ಚಚ್ಚಿಕೊಂಡ. "ಹಗ್ಗ ಹಿಡ್ಕಂಡೇ ಇರೂದಲ್ಲ ಮಾರಾಯ! ಹತ್ತಿರದಲ್ಲಿ ಗಟ್ಟಿಯಾಗಿ ಯಾವುದು ನಿಂತಿದೆಯೋ ಅದಕ್ಕೆ ಕಟ್ಟಬೇಕು. ಕಟ್ಟಿ, ಎಳೆದು ನೋಡಬೇಕು. ತಿಳೀತಾ?"

"ತಿಳೀತು ತಂಡೇಲ್ರೆ!"

ಮರುದಿನ ಒಂದು ಬಂದರದಲ್ಲಿ ಉಪ್ಪು ತುಂಬಿಸಬೇಕಿತ್ತು. ದೋಣಿ ದಡ ಮುಟ್ಟಿದ ಕೂಡಲೇ ಜಟ್ಟು ಹಗ್ಗ ಹಿಡಿದು ಹಾರಿದ. ಸುತ್ತ ನೋಡಿದ. ಗಟ್ಟಿಯಾಗಿ ನಿಂತದ್ದು ಯಾವುದು? ಕೆಸರಿನಲ್ಲಿ ಒಂದು ಎಮ್ಮೆ ನಿಂತಿತ್ತು. ಅಲ್ಲಾಡದೆ, ಕಣ್ಣು ಮುಚ್ಚಿ, ಮೆಲುಕು ಹಾಕುತ್ತಾ. ಜಟ್ಟು ಅದರ ಕೊರಳಿಗೆ ಗಂಟು ಹಾಕಿದ, ಎಳೆದು ನೋಡಿದ. ಎಮ್ಮೆ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. "ಭಾರೀ ಗಟ್ಟಿ!" ಎಂದು ಮೆಚ್ಚಿಕೊಂಡು ಬಂದ.

ಸಂಜೆ ಎಮ್ಮೆಯ ಒಡತಿ ಗೇರುಮರದ ಕೆಳಗೆ ನಿಂತು ಹಿಂಡಿಯ ಬೋಗುಣಿ ಬಡಿದಳು. ಎಮ್ಮೆ ಹೊರಟಿತು. ಖಾಲಿ ದೋಣಿಯೂ ಹೊರಟಿತು! "ಹೋ! ಹೋ!" ಎಂದು ತಂಡೇಲ ಕುಣಿದ. ದೋಣಿ ಕೆಸರಿಗೆ ಹತ್ತಿ ಕೂತಿತು, ಹಗ್ಗ ಪಟಾರನೆ ಹರಿಯಿತು, ಎಮ್ಮೆ ಹಿಂದೆ ನೋಡದೆ ಹಿಂಡಿ ತಿನ್ನಲು ಹೋಯಿತು.

"ಎಮ್ಮೆಗೆ ಎಮ್ಮೆ ಕಟ್ಟಿದ ಹಾಗಾಯ್ತಲ್ಲೋ!" ಎಂದು ತಂಡೇಲ ಹಲ್ಲು ಕಡಿದ. "ಒಳ್ಳೇ ಹಗ್ಗ ಹರೀತು! ಎಳೆತ ಬಂದಾಗ ಸಡಿಲ ಬಿಡಬೇಕೋ, ಸಡಿಲ! ತಿಳೀತಾ?"

"ತಿಳೀತು ತಂಡೇಲ್ರೆ! ಎಳೆತ ಬಂದ್ರೆ ಸಡಿಲ!"

ಉಪ್ಪು ತುಂಬಿದ್ದಾಯಿತು. ದೋಣಿಯನ್ನು ಆಳದ ನೀರಿಗೆ ತಂದು ನಿಲ್ಲಿಸಿದರು. ಉಪ್ಪಿನ ಸಾಹುಕಾರರು ತಾವೇ ಸರಕು ನೋಡಬೇಕೆಂದು ಸಣ್ಣ ದೋಣಿಯಲ್ಲಿ ಬಂದರು. ಒಳ್ಳೆಯ ಊಟ ಉಂಡ ದೇಹ, ಏಣಿ ಹತ್ತಲಾಗದು. ಹಗ್ಗದ ಕುಣಿಕೆಯಲ್ಲಿ ಕೂರಿಸಿ ಮೇಲೆ ಎಳೆಯಿರಿ ಅಂದರು. ಜಟ್ಟುವಿನ ರಟ್ಟೆ ಗಟ್ಟಿ, ಅವನೇ ಎಳೆದ. ಸಾಹುಕಾರರು ಶಲ್ಯ ಸರಿಮಾಡಿಕೊಳ್ಳುತ್ತಾ ಮೇಲೆ ಬಂದರು, ಇನ್ನೇನು ಕೈ ಚಾಚಿದರೆ ದೋಣಿ ಸಿಗಬೇಕು. ಆಗ ಜಟ್ಟುವಿಗೆ ಎಳೆತ ಗೊತ್ತಾಯಿತು.

"ಎಳೆತ ಬಂತು!" ಎಂದವನೇ ಸಡಿಲ ಬಿಟ್ಟ. ದುಡುಂ!

ಸಾಹುಕಾರರನ್ನು ಎತ್ತಿ, ಒರೆಸಿ, ಕೈಮುಗಿದು ಕಳಿಸುವಷ್ಟರಲ್ಲಿ ತಂಡೇಲನಿಗೆ ಸಾಕೋ ಸಾಕಾಯಿತು. "ಕಳೆದು ಹೋಗಬಾರದ್ದನ್ನ ಯಾರಾದ್ರೂ ಬಿಡ್ತಾರಾ? ಅದನ್ನ ಭದ್ರವಾಗಿ ಕಟ್ಟಿಡಬೇಕು! ಕಟ್ಟಿದವನೇ ಬಂದು ಬಿಚ್ಚಬೇಕು, ಬೇರೆಯವರು ಮುಟ್ಟಬಾರದು! ದೋಣಿಯ ಕಟ್ಟಳೆ ಅದು!" ಆಮೇಲೆ ದನಿ ತಗ್ಗಿಸಿ, "ನಿನಗೆ ಹೇಳಿ ಎಂತ ಪ್ರಯೋಜನ ತಮಾ? ಊರು ಮುಟ್ಟಿದ ಮೇಲೆ ನೀನು ಅವ್ವನ ಹತ್ತಿರ ಇದ್ದುಬಿಡು," ಅಂದ.

ಜಟ್ಟುವಿಗೆ ಅವ್ವನ ಸವೆದ ಅಂಗೈ ನೆನಪಾಯಿತು. ಇನ್ನು ತಪ್ಪು ಮಾಡಬಾರದು ಅಂದುಕೊಂಡ. ಮರಳಿ ಬರುವಾಗ ಮಧ್ಯಾಹ್ನ ಉಂಡು ಎಲ್ಲರೂ ಒರಗಿದ್ದರು. ಜಟ್ಟು ಎದ್ದ. ಕಳೆದು ಹೋಗಬಾರದ್ದು ಯಾವುದು? ನೀರಿನ ಕೊಡ, ಕಟ್ಟಿದ. ಅಕ್ಕಿಯ ಚೀಲ, ಕಟ್ಟಿದ. ಗಂಜಿಯ ಸೌಟು, ಅದನ್ನೂ ಕಟ್ಟಿದ. ಮತ್ತೆ? ತಂಡೇಲ ಗೊರಕೆ ಹೊಡೆಯುತ್ತಿದ್ದ. ಇವರು ಕಳೆದು ಹೋದರೆ ದೋಣಿಯ ಗತಿ ಏನು? ಅವ್ವ ಹೊಸೆದ ಉದ್ದದ ಹಗ್ಗ ತಂದು ಒಂದು ತುದಿ ಅವನ ಸೊಂಟಕ್ಕೆ, ಒಂದು ತುದಿ ಕಂಬಕ್ಕೆ ಬಿಗಿದ. ಎಳೆದು ನೋಡಿದ. ಗಟ್ಟಿ!

ಅಳಿವೆಯ ಬಾಯಿಗೆ ಬಂದಾಗ ಗಾಳಿ ಇದ್ದಕ್ಕಿದ್ದಂತೆ ದಿಕ್ಕು ಬದಲಿಸಿತು. "ಹಾಯಿ! ಹಾಯಿ!" ಎಂದು ತಂಡೇಲ ದಡಬಡಿಸಿ ಎದ್ದ. ಹಾಯಿ ಫಟ್ಟೆಂದು ಮಗುಚಿ ಅವನನ್ನು ಹೊಡೆದು ನೀರಿಗೆ ಎಸೆಯಿತು. ಅಳಿವೆಯ ಸೆಳೆತಕ್ಕೆ ಸಿಕ್ಕವರು ಬದುಕಿದ್ದುಂಟೇ? ಎಲ್ಲರ ಜೀವ ಬಾಯಿಗೆ ಬಂತು. ಅಷ್ಟರಲ್ಲಿ ಹಗ್ಗ ಟಣ್ಣನೆ ಬಿಗಿಯಿತು. ತೆರೆಯ ನಡುವೆ ತಂಡೇಲನ ತಲೆ ಕಂಡಿತು.

ಜಟ್ಟು ಹಗ್ಗ ಮುಟ್ಟಿ ನೋಡಿ ಕೂಗಿದ: "ತಂಡೇಲ್ರೆ, ಎಳೆತ ಬಂತು! ಸಡಿಲ ಬಿಡ್ಲಾ?"

"ಬೇಡವೋ! ನಿನ್ನ ದಮ್ಮಯ್ಯ, ಬೇಡವೋ!"

ಎಲ್ಲರೂ ಸೇರಿ ಎಳೆದು ಹಾಕಿದರು. ಸೊಂಟದ ಗಂಟಿಗೆ ಒಬ್ಬ ಕೈ ಹಚ್ಚಿದರೆ ಜಟ್ಟು ಅವನ ಕೈಗೆ ಹೊಡೆದ. "ಮುಟ್ಟಬೇಡ! ಕಟ್ಟಿದವನೇ ಬಿಚ್ಚಬೇಕು!" ತಂಡೇಲ ಕೆಮ್ಮುತ್ತಾ, ನೀರು ಕಾರುತ್ತಾ, "ಹೌದಪ್ಪಾ, ನೀನೇ ಬಿಚ್ಚು," ಅಂದ. ಬೈಯಲಿಲ್ಲ.

ಕೇರಿಗೆ ಬಂದವನೇ ತಂಡೇಲ ಮಾಸ್ತಿಯ ಮುಂದೆ ಆ ಹಗ್ಗ ಇಟ್ಟು ಕೈಮುಗಿದ. "ಹೊಸೆದ ಕೈ ನಿನ್ನದು, ಕಟ್ಟಿದ ಕೈ ಇವನದು ಮಾಸ್ತಕ್ಕ. ನನ್ನ ಮಕ್ಕಳಿಗೆ ಅಪ್ಪ ಉಳಿದ. ನಾನಿರುವ ತನಕ ಇವನು ನನ್ನ ದೋಣಿಯವನು."

ಮಾಸ್ತಿ ತಂಡೇಲನಿಗೆ ಕೈಮುಗಿದಳು, ಹೊಳೆಗೆ ಕೈಮುಗಿದಳು, ಕೊನೆಗೆ ಹಗ್ಗಕ್ಕೂ ಕೈಮುಗಿದಳು.

ಮುಂದಿನ ಸಲ ದೋಣಿ ಹೊರಡುವ ಬೆಳಿಗ್ಗೆ ಮಾಸ್ತಿ ಜಗಲಿಯ ಕಂಬಕ್ಕೆ ಒರಗಿ ಕತ್ತ ಹೊಸೆಯುತ್ತಿದ್ದಳು. "ತಂಡೇಲ್ರು ಕಲಿಸಿದ್ದು ಮರೀಬೇಡ ತಮಾ," ಅಂದಳು. ಜಟ್ಟು ನಿಂತು ಮನೆಯೆಲ್ಲ ನೋಡಿದ. ಈ ಮನೆಯಲ್ಲಿ ಕಳೆದು ಹೋಗಬಾರದ್ದು ಯಾವುದು? ಮಡಕೆಯೇ? ಕೋಳಿಯೇ? ಹಗ್ಗ ತಂದ. ಅವ್ವನ ಸೊಂಟ, ಜಗಲಿಯ ಕಂಬ. ಗಂಟು ಹಾಕಿದ.

"ಎಂತದೋ ಇದು?"

"ಸುಮ್ನಿರು ಅವ್ವ!" ಎಳೆದು ನೋಡಿ, ಓಡಿ ದೋಣಿ ಹತ್ತಿದ.

ಪಕ್ಕದ ಮನೆಯ ದುರ್ಗಿ ಬಂದು ನೋಡಿ ಎದೆ ಬಡಿದುಕೊಂಡಳು. "ಅಯ್ಯೋ ಪೆದ್ದು ಮುಂಡೇದೆ! ತಡಿ, ಕತ್ತಿ ತಂದು ಕೊಯ್ತೆ!"

"ಮುಟ್ಟಬೇಡ ದುರ್ಗಿ," ಅಂದಳು ಮಾಸ್ತಿ. ನಗುತ್ತಿದ್ದಳು, ಕಣ್ಣಲ್ಲಿ ನೀರೂ ಇತ್ತು. "ಇವನ ಅಪ್ಪ ಬರ್ತೆ ಅಂತ ಬಾಯಲ್ಲಿ ಹೇಳಿ ಹೋದ. ಇವನು ಕಟ್ಟಿ ಹೋಗಿದ್ದಾನೆ. ಬಿಚ್ಚೂದಕ್ಕಾದ್ರೂ ಬರಲೇಬೇಕಲ್ಲ!"

ಅತ್ತ ದೋಣಿಯಲ್ಲಿ ತಂಡೇಲ, "ಅವ್ವನಿಗೆ ಹೇಳಿ ಬಂದ್ಯೇನೋ?" ಎಂದು ಕೇಳಿದ.

"ಕಟ್ಟಿ ಬಂದೆ!"

"ಎಂತದನ್ನ?"

"ಅವ್ವನ್ನ!"

ಹಾಯಿ ಇಳಿಯಿತು, ದೋಣಿ ತಿರುಗಿತು. ಮಾಸ್ತಿಯ ಮನೆಯ ಮುಂದೆಯೇ ದಡ ಮುಟ್ಟಿಸಿ, ತಂಡೇಲ ಜಟ್ಟುವಿನ ಕೈಗೆ ದೋಣಿಯ ಹಗ್ಗ ಕೊಟ್ಟ. "ಇದನ್ನ ಕಟ್ಟು, ಅವಳನ್ನ ಬಿಚ್ಚು, ಓಡು!"

ಜಟ್ಟು ಓಡಿ ಜಗಲಿಗೆ ಬಂದ. ಅವ್ವನ ಗಂಟು ಬಿಚ್ಚಲು ಎರಡೂ ಕೈ ಬೇಕು, ಕೈಯಲ್ಲಿ ದೋಣಿಯ ಹಗ್ಗ. ಹತ್ತಿರದಲ್ಲಿ ಗಟ್ಟಿಯಾಗಿ ನಿಂತದ್ದು ಯಾವುದು? ಅವ್ವ ನಿಂತಿದ್ದಳು. ದೋಣಿಯ ಹಗ್ಗ ಅವಳ ಸೊಂಟಕ್ಕೇ ಬಿಗಿದು, ಎಳೆದು ನೋಡಿ, ಆಮೇಲೆ ಕಂಬದ ಹಗ್ಗ ಬಿಚ್ಚಿದ.

ಹೊಳೆಯಲ್ಲಿ ಇಳಿತದ ನೀರು. ದೋಣಿ ಮೆಲ್ಲಗೆ ಅಳಿವೆಯ ಕಡೆ ಸರಿಯಿತು. ಮಾಸ್ತಿ ಹಗ್ಗ ಎಳೆದ ಹಾಗೆ ಜಗಲಿ ಇಳಿದು ಹೊಳೆಯ ಕಡೆ ನಡೆಯತೊಡಗಿದಳು.

"ತಂಡೇಲ್ರೆ, ಎಳೆತ ಬಂತು! ಸಡಿಲ ಬಿಡ್ಲಾ?"

"ಬಿಡೋ!" ಎಂದು ತಂಡೇಲ ಕೂಗಿದ. "ಬಿಡೋ!" ಎಂದು ಕೇರಿಗೆ ಕೇರಿಯೇ ಕೂಗುತ್ತಾ ಗಂಟು ಬಿಚ್ಚಲು ಓಡಿ ಬಂತು. ಮಾಸ್ತಿ ಮಾತ್ರ ಹೊಟ್ಟೆ ಹಿಡಿದು ನಗುತ್ತಾ, ಬಂದವರ ಕೈ ತಳ್ಳುತ್ತಾ ನಡೆದಳು.

"ಯಾರೂ ಮುಟ್ಟಬೇಡಿ! ನನ್ನ ಮಗ ಬಂದಿದ್ದಾನೆ, ಅವನೇ ಬಿಚ್ಚಲಿ!"