ತೀರ್ಪುಗಾರನ ಕಿರುಗತ್ತಿ

ಮಾರ್ಚ್ ಹದಿನಾಲ್ಕು, ಗುರುವಾರ. ಬೆಳಿಗ್ಗೆ ಮೋಡವಿತ್ತು, ಮಧ್ಯಾಹ್ನಕ್ಕೆ ಬಿಸಿಲು ಬಂತು.

ಮಠದಲ್ಲಿ ಪಾಠ ಮುಗಿದರೂ ಶಿಷ್ಯ ಗುರುಪಾದ ಎದ್ದು ಹೋಗಲಿಲ್ಲ. "ಬುದ್ಧಿ, ತಪ್ಪು ಮಾಡಿದವನು ಯಾರು, ಮೋಸ ಮಾಡಿದವನು ಯಾರು ಎಂದು ತಿಳಿಯುವುದು ಹೇಗೆ?" ಎಂದು ಕೇಳಿದ.

"ಯಾರ ವಿಷಯವಪ್ಪ?" ಎಂದರು ಗುರುಗಳು.

"ಔಷಧ ಕೊಡುವ ನಮ್ಮ ಮುದ್ದವೀರನದು. ನಿನ್ನೆ ಜ್ವರಕ್ಕೆಂದು ಬಂದ ಹೆಂಗಸಿಗೆ ಬೇರೆ ಯಾವುದೋ ಪುಡಿ ಕಟ್ಟಿಕೊಟ್ಟ. ಆಮೇಲೆ ತಾನೇ ಅವಳ ಮನೆಗೆ ಓಡಿ ವಾಪಸು ತಂದ. ತಪ್ಪನ್ನು ಎಲ್ಲರೆದುರು ಹೇಳಿಕೊಂಡ. ಅಷ್ಟು ಸುಲಭವಾಗಿ ಒಪ್ಪಿಕೊಳ್ಳುವವನ ಮೇಲೆ ನನಗೆ ಅನುಮಾನ. ಔಷಧದ ಕೋಣೆಯ ಬೀಗದ ಕೈ ಇನ್ನೂ ಅವನಲ್ಲೇ ಇರಬೇಕೆ?"

ಗುರುಗಳು ಹೇಳಿದರು:

ಒಬ್ಬ ರೇಷ್ಮೆ ವ್ಯಾಪಾರಿ ಜಪಾನಿಗೆ ಹೋದ. ಅವನ ಊರಿನಲ್ಲಿ ಎರಡು ಬೆಳೆ ಹುಳು ರೋಗದಿಂದ ಸತ್ತಿದ್ದವು. ಒಳ್ಳೆಯ ಮೊಟ್ಟೆ ತಂದುಕೊಡೆಂದು ನೂರು ಮನೆಯವರು ಅವನನ್ನು ಕಳಿಸಿದ್ದರು. ಮೂರನೆಯ ಬೆಳೆಯೂ ಹೋದರೆ ಅವರು ಹಿಪ್ಪುನೇರಳೆ ಕಿತ್ತು ಆ ಕಸುಬನ್ನೇ ಬಿಡಬೇಕಿತ್ತು.

ಅಲ್ಲಿ ಒಬ್ಬ ಮುದುಕ ಮೊಟ್ಟೆ ಮಾರುತ್ತಿದ್ದ. ಮೊಟ್ಟೆಯಿಟ್ಟ ಪ್ರತಿಯೊಂದು ಚಿಟ್ಟೆಯನ್ನೂ ಅರೆದು, ಸೂಕ್ಷ್ಮದರ್ಶಕದಲ್ಲಿ ರೋಗವಿದೆಯೇ ಎಂದು ನೋಡುತ್ತಿದ್ದ. ಆದರೂ ಮೊದಲ ದಿನವೇ ಹೇಳಿದ: "ಹೋದ ವರ್ಷ ರೋಗದ ಮೊಟ್ಟೆ ನನ್ನ ಕಣ್ಣು ತಪ್ಪಿಸಿ ಹೋಯಿತು. ಗೊತ್ತಾದ ದಿನ ಉಳಿದದ್ದನ್ನೆಲ್ಲ ಸುಟ್ಟೆ."

ಯಾರೂ ಕೇಳದೆ ಇದನ್ನು ಹೇಳುವವನು ಇನ್ನೇನನ್ನೋ ಮುಚ್ಚಿಡುತ್ತಿರಬೇಕು ಎಂದುಕೊಂಡ ವ್ಯಾಪಾರಿ.

ಮರುದಿನ ಮುದುಕ ಅವನನ್ನು ಸುಮೊ ಕುಸ್ತಿಗೆ ಕರೆದೊಯ್ದ. ಮಣ್ಣಿನ ಕಟ್ಟೆಯ ಮೇಲೆ ಹುಲ್ಲಿನ ಬಳೆಯಂಥ ಅಂಕಣ. ಇಬ್ಬರು ಜಟ್ಟಿಗಳು ಉಪ್ಪು ಎರಚಿದರು. ಕುಕ್ಕರಿಸಿ ಒಬ್ಬರನ್ನೊಬ್ಬರು ದಿಟ್ಟಿಸಿದರು. ಎದ್ದು ಹೋಗಿ ಮತ್ತೆ ಉಪ್ಪು ಎರಚಿದರು.

"ಯಾರು ಬೀಳಬೇಕೆಂದು ಕಣ್ಣಲ್ಲೇ ಮಾತಾಡಿಕೊಳ್ಳುತ್ತಿದ್ದಾರೆ," ಎಂದ ವ್ಯಾಪಾರಿ.

"ಅದಕ್ಕೆ ಇಷ್ಟು ಹೊತ್ತು ಬೇಕೆ?" ಎಂದ ಮುದುಕ.

ಜಟ್ಟಿಗಳು ಡಿಕ್ಕಿ ಹೊಡೆದು ಒಟ್ಟಿಗೇ ಅಂಕಣದಾಚೆ ಉರುಳಿದರು. ತೀರ್ಪುಗಾರ ಕೂಡಲೇ ಕೈಯ ಬೀಸಣಿಗೆಯನ್ನು ಪೂರ್ವ ದಿಕ್ಕಿನಿಂದ ಕಟ್ಟೆ ಹತ್ತಿದ್ದ ಜಟ್ಟಿಯ ಕಡೆಗೆ ಎತ್ತಿದ. ಕೆಳಗೆ ಕುಳಿತಿದ್ದ ಕರಿಯ ನಿಲುವಂಗಿಯ ಐವರು ಮೇಲ್ವಿಚಾರಕರು ಕಟ್ಟೆ ಹತ್ತಿ ಚರ್ಚಿಸಿದರು. ಗೆದ್ದವನು ಪಶ್ಚಿಮದವನು ಎಂದು ಸಾರಿದರು.

"ತೀರ್ಪುಗಾರ ಚೆನ್ನಾಗಿ ಲಂಚ ತಿಂದಿದ್ದಾನೆ," ಎಂದ ವ್ಯಾಪಾರಿ.

"ತಪ್ಪು ನೋಡಿದ, ಅಷ್ಟೆ. ಅವನ ಸೊಂಟದಲ್ಲಿ ಕಿರುಗತ್ತಿ ಇದೆ, ನೋಡಿದಿರಾ? ತೀರ್ಪು ತಪ್ಪಿದರೆ ಪ್ರಾಣ ಕೊಡುತ್ತೇನೆ ಎಂಬುದರ ಗುರುತು."

"ಕೊಡುತ್ತಾನೋ?"

"ಇಲ್ಲ. ರಾಜೀನಾಮೆ ಪತ್ರ ಕೊಡುತ್ತಾನೆ."

"ಅದನ್ನು ಒಪ್ಪುತ್ತಾರೋ?"

"ಸಾಮಾನ್ಯವಾಗಿ ಇಲ್ಲ."

ವ್ಯಾಪಾರಿ ನಕ್ಕ. "ಒಳ್ಳೆಯ ಏರ್ಪಾಡು, ಯಜಮಾನರೇ. ತೋರಿಸಲು ಕತ್ತಿ, ಉಳಿಯಲು ಕಾಗದ."

"ನಾಳೆ ಅವನು ಇದೇ ಕಟ್ಟೆಯ ಮೇಲೆ ನಿಲ್ಲಬೇಕು," ಎಂದ ಮುದುಕ. "ಇಷ್ಟೂ ಜನ ಅವನನ್ನೇ ನೋಡುತ್ತಿರುತ್ತಾರೆ."

ವ್ಯಾಪಾರಿ ಮುದುಕನನ್ನು ಬಿಟ್ಟು ಇನ್ನೊಬ್ಬ ಮಾರಾಟಗಾರನನ್ನು ಹುಡುಕಿದ. ಅವನು, "ಮೂವತ್ತು ವರ್ಷದಲ್ಲಿ ನಮ್ಮದು ಒಂದು ಮೊಟ್ಟೆಯೂ ಕೆಟ್ಟಿಲ್ಲ," ಎಂದ.

ವ್ಯಾಪಾರಿ ಅವನ ಕಾಗದ ಪತ್ರಗಳನ್ನು ಎರಡೆರಡು ಸಲ ಓದಿದ. ಗೋಡೆ ಮುಟ್ಟಿದ, ತಟ್ಟೆ ಮೂಸಿದ. ಎಲ್ಲಿಯೂ ಕುಂದು ಕಾಣಲಿಲ್ಲ. ಕೊನೆಗೆ, "ಚಿಟ್ಟೆ ಅರೆದು ನೋಡುತ್ತೀರಷ್ಟೆ?" ಎಂದು ಕೇಳಿದ.

"ರೋಗವೇ ಇಲ್ಲದ ಕಡೆ ನೋಡುವುದು ಏನನ್ನು?"

ಆ ಉತ್ತರ ವ್ಯಾಪಾರಿಗೆ ಹಿಡಿಸಿತು. ಮುದುಕ ಹೇಳಿದ್ದರ ಎರಡರಷ್ಟು ಬೆಲೆಗೆ ಮೊಟ್ಟೆ ಕೊಂಡು ಊರಿಗೆ ಬಂದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಗುರುಪಾದ, "ಎರಡು ಪಟ್ಟು ಎಂದರೆ, ಕೊನೆಗೆ ಅವನು ತೆತ್ತದ್ದು ಎಷ್ಟು, ಬುದ್ಧಿ?" ಎಂದು ಕೇಳಿದ.

"ನೂರು ಮನೆಯ ಮೂರನೆಯ ಬೆಳೆ," ಎಂದರು ಗುರುಗಳು.